ಪದ್ಮಿನಿ ಬಿಸಿಯಾದರೆ ನಿಲ್ಲುತ್ತೆ, ಪರಿಹಾರ ಏನು?

ಪ್ರಶ್ನೆ: 1985ರ ಪ್ರೀಮಿಯರ್ ಪದ್ಮಿನಿ ಕಾರು, ಪೆಟ್ರೋಲ್. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಬಿಸಿಲಲ್ಲಿ ಘಾಟಿ ಹತ್ತಿಸಿದರೆ ಜಗ್ಗಿ ಜಗ್ಗಿ ಆಫ್ ಆಗುತ್ತೆ, ಅರ್ಧ ಗಂಟೆ ಬಿಟ್ಟರೆ ಸರಿ. ಕಾರ್ಬ್ಯುರೇಟರ್ ಸರ್ವಿಸ್ ಆಗಿದೆ. ಅಪ್ಪನ ಗಾಡಿ, ಮಾರುವ ಮಾತೇ ಇಲ್ಲ.

ಉತ್ತರ 1: ವೇಪರ್ ಲಾಕ್ ಲಕ್ಷಣ ಸಾರ್. ಪೆಟ್ರೋಲ್ ಪಂಪು ಇಂಜಿನ್ ಮೈಗೇ ಕೂತಿರುತ್ತೆ. ಶಾಖಕ್ಕೆ ಒಳಗಿನ ಪೆಟ್ರೋಲ್ ಆವಿಯಾದರೆ ಪಂಪು ಎಳೆಯಲ್ಲ. ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಹೊರಟರೆ ಅದೇ. ಪಂಪಿನ ಹಿಂದೆ, ಇಂಜಿನ್ ಶಾಖ ತಡೆಯುವ ದಪ್ಪನೆಯ ಬೇಕಲೈಟ್ ಸ್ಪೇಸರ್ ಇದೆಯಾ ನೋಡಿ. ರಿಪೇರಿ ಮಾಡುವಾಗ ಅದನ್ನು ಬಿಟ್ಟು ಬರೀ ಪ್ಯಾಕಿಂಗ್ ಹಾಕಿ ಕೂರಿಸಿಬಿಡುತ್ತಾರೆ, ತೊಂದರೆ ಶುರುವಾಗೋದೇ ಅಲ್ಲಿಂದ.

ಉತ್ತರ 2: ಪಂಪು ಬಿಚ್ಚುವ ಮುಂಚೆ ಇಗ್ನಿಷನ್ (ಕಿಡಿ ಹೊಡೆಸುವ) ಕಡೆಯ ಕಂಡೆನ್ಸರ್ ನೋಡಿ, ಬಿಸಿಗೆ ಅದು ಸೋತರೂ ಹೀಗೇ. ಗಾಡಿ ನಿಂತ ತಕ್ಷಣ ಸ್ಪೇರ್ ಸ್ಪಾರ್ಕ್ ಪ್ಲಗ್ಗನ್ನು ಪ್ಲಗ್ ವಯರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಕಿಡಿ ನೀಲಿ ಇದ್ದರೆ ಪೆಟ್ರೋಲ್ ಕಡೆ ಹುಡುಕಿ. ಹಳದಿಯಾಗಿ ಸಣಕಲಾಗಿದ್ದರೆ ಕಂಡೆನ್ಸರ್, ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕತ್ತರಿಸುವ ಭಾಗ) ಎರಡೂ ಬದಲಿಸಿ, ಪಾಯಿಂಟ್ ಗ್ಯಾಪ್ 0.45 ಮಿ.ಮೀ. ಇಡಿ.

ಉತ್ತರ 3: ಇಂಜಿನ್ ಮೈಮೇಲಿನ ಪಂಪಿನ ಬದಲು ಎಲೆಕ್ಟ್ರಿಕ್ ಪಂಪು ಹಾಕೋದಾದರೆ ಕಾರ್ಬ್ಯುರೇಟರ್ ಗಾಡಿಯದ್ದೇ ತಗೊಳ್ಳಿ. ಇಂಜೆಕ್ಷನ್ ಗಾಡಿ ಪಂಪಿನ ಒತ್ತಡಕ್ಕೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ತಡೆಯಲ್ಲ, ಪೆಟ್ರೋಲ್ ಉಕ್ಕಿ ಬೆಂಕಿ ಹತ್ತಬಹುದು.