ಪದಚರ್ಚೆ: ‘ಪ್ರೈವೇಟ್ ಟೋಲ್ ರೋಡ್’ಗೆ ಕನ್ನಡ ಏನು? ಸಂಜೆ ಐದರೊಳಗೆ ಬೇಕು

ತುಮಕೂರಿನಿಂದ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮೂರಲ್ಲಿ ಒಂದು ಸಭೆ ಇದೆ. ಬೆಂಗಳೂರು–ತುಮಕೂರು ನಡುವಿನ ವಾಹನ ದಟ್ಟಣೆ ಇಳಿಸಲು ಖಾಸಗಿಯವರಿಂದ ಇನ್ನಷ್ಟು ರಸ್ತೆ, ಸೇತುವೆ ಕಟ್ಟಿಸಿ ಟೋಲ್ ಹಾಕಬಹುದೇ ಅನ್ನೋದು ವಿಷಯ. ಕರಪತ್ರ ಇಂಗ್ಲಿಷಿನಲ್ಲಿದೆ. ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ‘ಖಾಸಗಿ ಟೋಲ್ ರಸ್ತೆ’ ಎಂದು ಬರೆದೆ. ನಮ್ಮಪ್ಪ ಓದಿ, ‘ಯಾರ ತೋಟದೊಳಗಿನ ರಸ್ತೆ ಇದು?’ ಅಂದರು. ಅಲ್ಲಿಗೆ ನಿಂತಿದ್ದೇನೆ. ಫ್ಲೆಕ್ಸ್ ಅಂಗಡಿಯವನು ಐದು ಗಂಟೆಗೆ ಬರಹ ಕೊಡಿ ಅಂದಿದ್ದಾನೆ. ಬಸ್ಸಿನಲ್ಲಿ ಹೋಗುವವರಿಗೂ ಓದಿದ ಕೂಡಲೇ ತಿಳಿಯುವ ಪದ ಬೇಕು.

ಮುಳಬಾಗಿಲಿನಿಂದ, 10.15

ತೆರುದಾರಿ. ತೆರು ಅಂದರೆ ಹಣ ಕೊಡು; ತೆರಿಗೆ ಹುಟ್ಟಿದ್ದು ಅದರಿಂದಲೇ. ದಾರಿ ನಮ್ಮದೇ. ಸೇತುವೆಗೆ ತೆರುಸಂಕ. ಯಾರಾದರೂ ‘ಸುಂಕ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಸಂಸ್ಕೃತದ ಶುಲ್ಕ. ಬೇಡ.

ತುಮಕೂರಿನಿಂದ, 10.30

ಸಾರ್, ನನ್ನ ಮಗಳಿಗೆ ಓದಲು ಕೊಟ್ಟೆ. ‘ತೆರೆದ ದಾರಿ’ ಅಂತ ಓದಿದಳು. ದುಡ್ಡು ಕೊಡದೆ ಹೋಗಬಹುದು ಅಂದುಕೊಂಡಳು. ಅರ್ಥ ಪೂರಾ ಉಲ್ಟಾ ಆಯಿತು.

ಗೌರಿಬಿದನೂರಿನಿಂದ, 11.05

ಮುಳಬಾಗಿಲಿನ ಮಿತ್ರರೇ, ಮಲೆನಾಡಿನಲ್ಲಿ ಸಂಕ ಅಂದರೆ ಹಳ್ಳದ ಮೇಲೆ ಅಡಿಕೆ ಮರ ಹಾಸಿದ ಕಾಲುಸೇತುವೆ. ಅದರ ಮೇಲೆ ಹತ್ತು ಚಕ್ರದ ಲಾರಿ ಬಿಡುತ್ತೀರಾ?

ಇನ್ನು ಸುಂಕ. ಮೂಲ ಶುಲ್ಕವೇ, ಒಪ್ಪಿದೆ. ಆದರೆ ಅದು ಕನ್ನಡಕ್ಕೆ ಬಂದು ಸಾವಿರ ವರ್ಷದ ಮೇಲಾಯಿತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಪೆರ್ಜುಂಕ’ ಬರುತ್ತದೆ, ಅಂದರೆ ದೊಡ್ಡ ಸುಂಕ. ಮುಂದೆ ಅದೇ ‘ಹೆಜ್ಜುಂಕ’ ಆಯಿತು. ಸಕಾರ ಹೋಗಿ ಜಕಾರ ಬಂದಿದ್ದು ನೋಡಿ. ಹೊರಗಿನಿಂದ ಬಂದ ನೆಂಟ ಅಂದುಕೊಂಡಿದ್ದರೆ ಕನ್ನಡ ಆ ಪದದ ಮೇಲೆ ಇಷ್ಟು ಸಲಿಗೆ ತೋರಿಸುತ್ತಿತ್ತಾ? ಹಿರಿದು ದಾರಿ ಹೆದ್ದಾರಿ, ಹಿರಿದು ಸುಂಕ ಹೆಜ್ಜುಂಕ. ಎರಡರ ಕಟ್ಟಡವೂ ಒಂದೇ. ಹನ್ನೆರಡನೇ ಶತಮಾನದಲ್ಲಿ ಸುಂಕ ವಸೂಲಿ ಮಾಡುವ ಶರಣರೊಬ್ಬರು ವಚನ ಬರೆದರು. ಅವರ ಹೆಸರೇ ಸುಂಕದ ಬಂಕಣ್ಣ. ಅವರನ್ನೂ ‘ತೆರುವಿನ ಬಂಕಣ್ಣ’ ಮಾಡೋಣವೇ?

ಅಕ್ಕಾ, ‘ಸುಂಕದ ರಸ್ತೆ, ಸುಂಕದ ಸೇತುವೆ’ ಎಂದು ಧೈರ್ಯವಾಗಿ ಹಾಕಿ.

ಚಿಂತಾಮಣಿಯಿಂದ, 11.50

ಕಾನೂನಿನ ಪತ್ರಗಳನ್ನು ಅನುವಾದ ಮಾಡುವವನಾಗಿ ಒಂದು ಮಾತು. 1851ರ ಭಾರತೀಯ ಟೋಲ್ಸ್ ಕಾಯ್ದೆಯಲ್ಲಿ ‘ಟೋಲ್’ ಎಂದೇ ಇದೆ. ಆದರೆ ರಾಷ್ಟ್ರೀಯ ಹೆದ್ದಾರಿಗಳ 2008ರ ನಿಯಮಗಳು ‘ಫೀ’ ಅನ್ನುತ್ತವೆ. ರಸ್ತೆ ಬಳಸಿದ್ದಕ್ಕೆ ಕೊಡುವ ಹಣ, ತೆರಿಗೆಯಲ್ಲ. ಹಾಗಾಗಿ ‘ತೆರು’ ಕಾನೂನಿಗೂ ಒಗ್ಗಲ್ಲ. ಕರಪತ್ರದ ಒಳಗೆ ‘ಬಳಕೆದಾರರ ಶುಲ್ಕ’ ಎಂದು ಬರೆಯಿರಿ.

‘ಖಾಸಗಿ’ ವಿಷಯದಲ್ಲಿ ನಿಮ್ಮ ತಂದೆಯವರು ಹೇಳಿದ್ದು ಸರಿ. 1995ರಲ್ಲಿ ಹೆದ್ದಾರಿ ಕಾಯ್ದೆಗೆ ತಿದ್ದುಪಡಿ ತಂದು ಖಾಸಗಿಯವರಿಗೆ ಅವಕಾಶ ಕೊಟ್ಟರು. ಆಗಲೂ ನೆಲ ಸರ್ಕಾರದ್ದೇ. ಕಂಪನಿ ತನ್ನ ದುಡ್ಡಿನಲ್ಲಿ ಕಟ್ಟುತ್ತದೆ, ಒಪ್ಪಂದದಷ್ಟು ವರ್ಷ ವಸೂಲಿ ಮಾಡುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ರಸ್ತೆ ಖಾಸಗಿಯಲ್ಲ, ಗುತ್ತಿಗೆ ಖಾಸಗಿ. ‘ಗುತ್ತಿಗೆ ಸುಂಕದ ರಸ್ತೆ’ ಅನ್ನಬಹುದು.

ಮುಳಬಾಗಿಲಿನಿಂದ, 12.20

ಶುಲ್ಕ, ಸುಂಕ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಕರಪತ್ರದಲ್ಲಿ ಕೂರಿಸಿ. ಕನ್ನಡಕ್ಕೆ ಹೊಸ ಪದ ಕಟ್ಟುವ ಶಕ್ತಿ ಇಲ್ಲ ಅಂತ ನೀವೆಲ್ಲ ತೀರ್ಮಾನ ಮಾಡಿಯಾಗಿದೆ. ತಮಿಳರು ‘ಸುಂಗಚ್ಚಾವಡಿ’ ಎಂದು ದೊಡ್ಡದಾಗಿ ಬೋರ್ಡ್ ಹಾಕುತ್ತಾರೆ. ನಾವು ‘ಟೋಲ್ ಪ್ಲಾಜಾ’ ಎಂದು ಕನ್ನಡ ಅಕ್ಷರದಲ್ಲಿ ಬರೆದು ಹೆಮ್ಮೆ ಪಡುತ್ತೇವೆ.

ಗೌರಿಬಿದನೂರಿನಿಂದ, 12.35

ಸುಂಗಚ್ಚಾವಡಿಯಲ್ಲಿರುವ ‘ಸುಂಗ’ ಎಲ್ಲಿಂದ ಬಂತು ಸ್ವಾಮಿ? ರಸ್ತೆ ಪಾರಸಿ. ಖಾಸಗಿಯೊಳಗಿನ ‘ಖಾಸ್’ ಅರಬ್ಬಿ. ಅವೆರಡೂ ಆರಾಮಾಗಿ ಓಡಾಡಿಕೊಂಡಿವೆ. ನೀವು ಗೇಟ್ ಹಾಕಿ ನಿಲ್ಲಿಸಿದ್ದು ಸುಂಕ ಒಂದನ್ನೇ.

ಶಿರಾದಿಂದ, 1.10

ನಾನು ಪಂಡಿತನಲ್ಲ, ವಾರಕ್ಕೆ ನಾಲ್ಕು ದಿನ ಬೆಂಗಳೂರಿಗೆ ಗಾಡಿ ಓಡಿಸುವವನು. ನಾವೆಲ್ಲ ‘ಟೋಲ್’ ಅಂತಲೇ ಹೇಳೋದು. ‘ಟೋಲ್ ಕಟ್ಟಿದೆ’, ‘ಕ್ಯಾತ್ಸಂದ್ರ ಟೋಲ್ ದಾಟಿದೆ’. ಸುಂಕ ಅಂದರೆ ನನಗೆ ನೆನಪಾಗೋದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಗಾದೆ. ಈಗ ಅದಕ್ಕೂ ದಾರಿ ಇಲ್ಲ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದ ಮೇಲೆ ಕಂಬವೇ ದುಡ್ಡು ಎಳೆದುಕೊಳ್ಳುತ್ತದೆ.

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ‘ಟೋಲ್‌ಗೇಟ್’ ಅಂತ ಒಂದು ಸ್ಟಾಪ್ ಇದೆ, ಮುಂದೆ ಹೋದರೆ ‘ಸುಂಕದಕಟ್ಟೆ’ ಅಂತ ಇನ್ನೊಂದು. ಎರಡಕ್ಕೂ ಅರ್ಥ ಒಂದೇ ಅಂತ ನನಗೆ ಇವತ್ತು ಹೊಳೆಯಿತು! ಯಾವ ಕಂಡಕ್ಟರೂ ಜಗಳ ಆಡಿದ್ದು ನೋಡಿಲ್ಲ.

ದಟ್ಟಣೆ ಇಳಿಯುತ್ತಾ ಅಂದರೆ, ಮೇಲಿನ ರಸ್ತೆ ಇದ್ದರೆ ಇಳಿಯುತ್ತೆ. ಇದೇ ತುಮಕೂರು ದಾರಿಯ ಪೀಣ್ಯದ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದಾಗ ಗೊತ್ತಾಯಿತು, ಎಷ್ಟು ಗಾಡಿ ಮೇಲೆ ಹೋಗುತ್ತಿತ್ತು ಅಂತ. ಎಲ್ಲ ಕೆಳಗೆ ಬಂದವು. ಆದರೆ ಟೋಲ್ ಜಾಸ್ತಿ ಆದರೆ ಅರ್ಧ ಗಾಡಿ ಹಳ್ಳಿ ರಸ್ತೆಗೆ ನುಗ್ಗುತ್ತವೆ. ಅದನ್ನೂ ಕರಪತ್ರದಲ್ಲಿ ಬರೆಯಿರಿ ಅಕ್ಕಾ.

ಮುಳಬಾಗಿಲಿನಿಂದ, 1.25

ಡ್ರೈವರ್ ಹೇಳಿದ್ದೇ ನಿಘಂಟು ಅನ್ನುವುದಾದರೆ ಈ ಬಳಗ ಯಾಕೆ?

ಶಿರಾದಿಂದ, 1.30

ಬೋರ್ಡ್ ಓದೋದು ಡ್ರೈವರ್ ಸಾರ್.

ತುಮಕೂರಿನಿಂದ, ಸಂಜೆ 4.45

ಎಲ್ಲರಿಗೂ ಥ್ಯಾಂಕ್ಸ್. ಕರಪತ್ರದ ಒಳಗೆ ‘ಸುಂಕದ ರಸ್ತೆ’, ‘ಸುಂಕದ ಸೇತುವೆ’ ಎಂದು ಬರೆದಿದ್ದೇನೆ. ಕಾನೂನಿನ ಮಾತು ಬಂದ ಕಡೆ ‘ಬಳಕೆದಾರರ ಶುಲ್ಕ’. ಮೊದಲ ಸಲ ಮಾತ್ರ ‘ಖಾಸಗಿಯವರು ಕಟ್ಟಿ ಟೋಲ್ ವಸೂಲಿ ಮಾಡುವ ರಸ್ತೆ’ ಎಂದು ಬಿಡಿಸಿ ಹೇಳಿದೆ. ಅಪ್ಪ ಓದಿ ತಲೆ ಆಡಿಸಿದರು. ಫ್ಲೆಕ್ಸಿನಲ್ಲಿ ಜಾಗ ಇರಲಿಲ್ಲ: ‘ಟೋಲ್ ಕಟ್ಟಿದರೆ ದಟ್ಟಣೆ ಕರಗುತ್ತಾ? ಬನ್ನಿ, ಮಾತಾಡೋಣ.’ ಹೆಜ್ಜುಂಕ ಬಹಳ ಹಿಡಿಸಿತು. ಅಂಗಡಿ ಹುಡುಗನಿಗೆ ಟೈಪ್ ಮಾಡಲು ಬರಲಿಲ್ಲ.

ಮುಳಬಾಗಿಲಿನಿಂದ, 4.52

ತೆರುದಾರಿ ಹಾಕಿದ್ದರೆ ಜಾಗ ಸಾಲುತ್ತಿತ್ತು.