ಕನ್ನಡ ಮಾಧ್ಯಮದಿಂದ ಬಂದವರು ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಓದಬಹುದೇ? ಓದಿದವರು ತಿಳಿಸಿ

ಬೇಲೂರು ತಾಲ್ಲೂಕಿನಿಂದ ಒಬ್ಬ ಅಣ್ಣನ ಪ್ರಶ್ನೆ

ನಮಸ್ಕಾರ. ನನ್ನ ತಂಗಿ ಹತ್ತನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಿಇಟಿ ರ‍್ಯಾಂಕ್ ನೋಡಿದರೆ ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಂತಿದೆ. ನೆಂಟರೆಲ್ಲ ಸಾಲ ಮಾಡಿಯಾದರೂ ಬೆಂಗಳೂರಿಗೇ ಕಳಿಸಿ ಎನ್ನುತ್ತಿದ್ದಾರೆ. ಅವಳಿಗೆ ಇಂಗ್ಲಿಷಿನ ಭಯ, ನಮಗೆ ಖರ್ಚಿನ ಭಯ. ಪ್ರೋಗ್ರಾಂ ಬರೆಯುವ ಕೆಲಸವನ್ನು ಈಗ ಎಐ ಮಾಡುತ್ತದಂತೆ, ಇದನ್ನು ಓದಿ ಏನು ಪ್ರಯೋಜನ ಎಂದು ಅಪ್ಪ ಬೇರೆ ಕೇಳುತ್ತಿದ್ದಾರೆ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಹಾಸನದಲ್ಲಿ ಬಿಇ ಮುಗಿಸಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು

ಧೈರ್ಯವಾಗಿ ಹಾಸನಕ್ಕೆ ಸೇರಿಸಿ. ನಾನೂ ಕನ್ನಡ ಮಾಧ್ಯಮದಿಂದ ಬಂದವನೇ. ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ನಡೆಯುತ್ತಿದೆ. ಅದು ಸ್ವಾಯತ್ತ ಕಾಲೇಜು. ಪಠ್ಯಕ್ರಮ, ಪರೀಕ್ಷೆ ಅದರದ್ದೇ, ಪದವಿ ಮಾತ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು). ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಊರಲ್ಲಿದೆ. ಖರ್ಚಿನ ಚಿಂತೆ ಇದ್ದರೆ ಆಯ್ಕೆ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ಹಾಕಿ.

ಇಂಗ್ಲಿಷಿನ ಭಯ ಮೊದಲ ಸೆಮಿಸ್ಟರಿನಲ್ಲಿ ಇದ್ದೇ ಇರುತ್ತದೆ. ಆದರೆ ಈ ವಿಷಯದಲ್ಲಿ ಬರುವ ಇಂಗ್ಲಿಷ್ ಹೆಚ್ಚಿಲ್ಲ. ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಪಾಯಿಂಟರ್, ಅರೇ, ಲೂಪ್, ಸ್ಟ್ಯಾಕ್ ಎಲ್ಲರಿಗೂ ಹೊಸವೇ, ಕಾನ್ವೆಂಟಿನಲ್ಲಿ ಓದಿದವರಿಗೂ. ಮಕ್ಕಳು ನಿಜವಾಗಿ ಕಾಲು ಜಾರುವುದು ಬೇರೆ ಕಡೆ. ಲ್ಯಾಬ್ ರೆಕಾರ್ಡಿಗೆ ಹಿರಿಯರ ಪ್ರೋಗ್ರಾಂ ನೋಡಿ ಬರೆದು, ಅದನ್ನೇ ಉರುಹೊಡೆದು ಪರೀಕ್ಷೆ ದಾಟಿಬಿಡುತ್ತಾರೆ. ಎರಡು ವರ್ಷ ಹೀಗೆ ಕಳೆದರೆ ಮೂರನೇ ವರ್ಷದಲ್ಲಿ ಏನೂ ತಲೆಗೆ ಹತ್ತುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ತಂಗಿಗೂ ತೋರಿಸಿ. ಲಿಂಕ್ಡ್ ಲಿಸ್ಟ್ ಎಂಬುದು ಸರಪಳಿಯಂಥ ಪಟ್ಟಿ. ಅದರ ಪ್ರತಿಯೊಂದು ನೋಡ್, ಅಂದರೆ ಕೊಂಡಿ, ತನ್ನ ಮುಂದಿನ ನೋಡ್ ಎಲ್ಲಿದೆ ಎಂಬ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ನಡುವೆ ಹೊಸದೊಂದನ್ನು ಸೇರಿಸಲು ಮುಖ್ಯವಾಗಿ ಎರಡೇ ಸಾಲು. ಮೊದಲು ಹೊಸ ನೋಡ್‌ಗೆ ಮುಂದಿನದರ ವಿಳಾಸ ಕೊಡಬೇಕು. ಆಮೇಲೆ ಹಿಂದಿನದಕ್ಕೆ ಹೊಸದರ ವಿಳಾಸ. ಈ ಎರಡು ಸಾಲು ಅದಲುಬದಲಾದರೆ ಮುಂದಿನ ವಿಳಾಸವೇ ಅಳಿಸಿಹೋಗಿ, ಅಲ್ಲಿಂದಾಚೆಯ ಪಟ್ಟಿಯೆಲ್ಲ ಕೈತಪ್ಪುತ್ತದೆ. ಉರುಹೊಡೆದವರಿಗೆ ಯಾವ ಸಾಲು ಮೊದಲು ಎಂಬುದು ಎಂದೂ ನೆನಪಿರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಚೌಕಗಳನ್ನೂ ಬಾಣಗಳನ್ನೂ ಬರೆದುಕೊಂಡು ನೋಡಿದವರು ಅದನ್ನು ಮರೆಯುವುದಿಲ್ಲ. ಸೆಮಿಸ್ಟರ್ ಪೂರ್ತಿ ಹೀಗೆ ಕಾಗದದ ಮೇಲೆ ಬಿಡಿಸಿ, ಆಮೇಲೆ ತಾನೇ ಟೈಪ್ ಮಾಡಿ, ಬಂದ ತಪ್ಪುಗಳನ್ನು ತಾನೇ ಹುಡುಕಿದ ಹುಡುಗಿಯನ್ನು ಯಾವ ಸಂದರ್ಶನವೂ ಹೆದರಿಸುವುದಿಲ್ಲ.

ಬೆಂಗಳೂರಿನ ಕಾಲೇಜುಗಳಿಗೆ ಹೆಚ್ಚು ಕಂಪನಿಗಳು ಬರುತ್ತವೆ, ಅದು ನಿಜ. ಅಂತಿಮ ವರ್ಷದಲ್ಲಿ ನಾವೇ ಅಲ್ಲಿಗೆ ಹೋಗಿ ಸಂದರ್ಶನ ಕೊಡಬೇಕಾಗುತ್ತದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ನೇರ ರೈಲು ಮಾರ್ಗ ತೆರೆದ ಮೇಲೆ ಹಾಸನದಿಂದ ಆ ಓಡಾಟ ಕಷ್ಟವಲ್ಲ. ಅದೊಂದಕ್ಕಾಗಿ ನಾಲ್ಕು ವರ್ಷದ ಬಾಡಿಗೆ, ಊಟದ ಸಾಲವನ್ನು ಮನೆಯವರು ಹೊರಬೇಕಿಲ್ಲ.

ಚಿಕ್ಕಮಗಳೂರಿನಲ್ಲಿ ಪಾಠ ಮಾಡುವ ಉಪನ್ಯಾಸಕಿ

ಮೇಲೆ ಹೇಳಿದ್ದನ್ನು ಒಪ್ಪುತ್ತೇನೆ. ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ನನ್ನ ತರಗತಿಯ ಮಕ್ಕಳೂ ಅದನ್ನೇ ಕೇಳುತ್ತಾರೆ.

ಎಐ ಪ್ರೋಗ್ರಾಂ ಬರೆದುಕೊಡುತ್ತದೆ, ಹಲವು ಬಾರಿ ಚೆನ್ನಾಗಿಯೇ ಬರೆಯುತ್ತದೆ. ಅದು ಸರಿಯೋ ತಪ್ಪೋ ಎಂದು ಹೇಳುವವರು ಬೇಕಲ್ಲ. ಹೊಸಬರಿಗೆ ನಾನು ಕೊಡುವ ಒಂದು ಪುಟ್ಟ ಕೆಲಸವಿದೆ: ‘ಹಾಸನ’ ಎಂದು ಕನ್ನಡದಲ್ಲಿ ಟೈಪ್ ಮಾಡಿ, ಅದರ ಉದ್ದ ಎಷ್ಟೆಂದು ಕಂಪ್ಯೂಟರನ್ನು ಕೇಳಿ. ಕಣ್ಣಿಗೆ ಮೂರೇ ಅಕ್ಷರ. ಪೈಥಾನ್ ಭಾಷೆಯ ಪ್ರೋಗ್ರಾಂ 4 ಎನ್ನುತ್ತದೆ. ‘ಹ’, ದೀರ್ಘದ ಗುರುತು, ‘ಸ’, ‘ನ’ ಹೀಗೆ ಬೇರೆ ಬೇರೆಯಾಗಿ ಎಣಿಸುತ್ತದೆ. ಸಿ ಭಾಷೆಯ ಪ್ರೋಗ್ರಾಂ 12 ಎನ್ನುತ್ತದೆ; ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತೂ 3 ಬೈಟ್ ಜಾಗ ತೆಗೆದುಕೊಳ್ಳುತ್ತದೆ, ಸಿ ಎಣಿಸುವುದು ಬೈಟುಗಳನ್ನು. ಮೂರೂ ಉತ್ತರ ಸರಿ. ಹೆಸರು ಬರೆಯಲು ಹತ್ತೇ ಅಕ್ಷರದ ಜಾಗ ಕೊಟ್ಟ ಅರ್ಜಿ ನಮೂನೆಯಲ್ಲಿ ಕನ್ನಡದ ಹೆಸರು ಅರ್ಧಕ್ಕೆ ತುಂಡಾದರೆ, ಕಾರಣ ಹುಡುಕಲು ಇಷ್ಟು ತಿಳಿದಿರಬೇಕು. ಇಂಥದನ್ನು ತಿಳಿಯಲೆಂದೇ ನಾಲ್ಕು ವರ್ಷ ಓದುವುದು. ಈ ಪ್ರಶ್ನೆಗೆ ನನ್ನ ತರಗತಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳೇ ಮೊದಲು ಕೈ ಎತ್ತುತ್ತಾರೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾವು ಪ್ರೋಗ್ರಾಮಿನ ಒಂದು ಸಾಲು ಮುಚ್ಚಿ, ಇದಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತೇವೆ. ತಾನೇ ಬರೆದವಳು ಹರಕು ಇಂಗ್ಲಿಷಿನಲ್ಲಾದರೂ ಉತ್ತರಿಸುತ್ತಾಳೆ, ಅಂಕವೂ ಸಿಗುತ್ತದೆ. ಗಣಿತವನ್ನು ಮಾತ್ರ ಸಡಿಲ ಬಿಡಬೇಡಿ. ಅಲ್ಗಾರಿದಮ್ ಪಾಠದಲ್ಲಿ ಹಿಂದೆ ಬೀಳುವವರನ್ನು ವಿಚಾರಿಸಿದರೆ ಹೆಚ್ಚಾಗಿ ಲಾಗರಿದಮ್, ಸಂಭವನೀಯತೆಯಲ್ಲೇ ತಳಪಾಯ ಗಟ್ಟಿಯಿರುವುದಿಲ್ಲ.

ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಅಂದರೆ ಪಾಠದ ಐದು ಭಾಗ. ಪ್ರತಿಯೊಂದರಲ್ಲೂ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು, 20 ಅಂಕ. ಒಂದು ಮಾಡ್ಯೂಲನ್ನೇ ಕೈಬಿಟ್ಟರೆ ಆ 20 ಅಂಕ ಹೋದ ಹಾಗೆಯೇ.

ಚಿಕ್ಕಮಗಳೂರಿನಲ್ಲಿ ಬಿಸಿಎ ಓದುತ್ತಿರುವ ವಿದ್ಯಾರ್ಥಿನಿ

ಅಣ್ಣಾ, ಬಿಇ ಸೀಟು ಕೈಗೆಟುಕದಿದ್ದರೆ ಬಿಸಿಎಯನ್ನು ಕೀಳಾಗಿ ನೋಡಬೇಡಿ. ಮೂರು ವರ್ಷ, ಆಮೇಲೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಎಂಸಿಎ. ನಾವು ಓದುವ ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ನೆಟ್‌ವರ್ಕ್ ಅವೇ.

ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ಕಾಲೇಜಿನಲ್ಲಿದ್ದಾಗಲೇ ಡೌನ್‌ಲೋಡ್ ಮಾಡಿಕೊಂಡು ಊರಿಗೆ ಹೋಗುತ್ತೇನೆ. ಲ್ಯಾಪ್‌ಟಾಪ್ ದುಬಾರಿಯದು ಬೇಡ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಆರಂಭಕ್ಕೆ ಸಾಕು. ನಮ್ಮ ಕಡೆಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೇ ಮುಖ್ಯ. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ, ಸಿ ಕಂಪೈಲರ್ ಎಲ್ಲವೂ ಉಚಿತ.

ಅರಸೀಕೆರೆಯ ಪೋಷಕರು

ಮಗಳು ಹಾಸನದಲ್ಲೇ ಮೂರನೇ ವರ್ಷದಲ್ಲಿದ್ದಾಳೆ. ಪಾಠದ ಬಗ್ಗೆ ತಿಳಿದವರು ಹೇಳಿದ್ದಾರೆ, ನಾನು ಕಾಗದಪತ್ರದ ಮಾತು ಹೇಳುತ್ತೇನೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ, ಒಂದರಿಂದ ಹತ್ತನೇ ತರಗತಿಯವರೆಗೆ ಹಾಗೆಯೇ ಓದಿರಬೇಕು. ಅರ್ಜಿಯಲ್ಲಿ ಎರಡನ್ನೂ ಕೋರಿದ್ದೀರಾ ಎಂದು ಇವತ್ತೇ ತೆಗೆದು ನೋಡಿ. ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟಿಗೂ ಪ್ರಯತ್ನಿಸಬಹುದು. ಅದರಲ್ಲಿ ಬೋಧನಾ ಶುಲ್ಕಕ್ಕೆ ಮಾತ್ರ ವಿನಾಯಿತಿ, ಹಾಸ್ಟೆಲ್ ಮತ್ತು ಇತರ ಶುಲ್ಕ ಕಟ್ಟಲೇಬೇಕು. ಆಯ್ಕೆ ದಾಖಲಿಸುವ ಮುಂಚೆ ತಂಗಿಯನ್ನು ಕರೆದುಕೊಂಡು ಹೋಗಿ ಕಾಲೇಜು, ಲ್ಯಾಬ್, ಹುಡುಗಿಯರ ಹಾಸ್ಟೆಲ್ ಮೂರನ್ನೂ ನೋಡಿ ಬನ್ನಿ. ಅಲ್ಲಿರುವ ಹುಡುಗಿಯರ ಜೊತೆ ಅವಳೇ ಮಾತನಾಡಲಿ, ನೀವು ಹೊರಗೆ ನಿಂತಿರಿ.