ಪುಟ್ಟಿಯ ಬಯಾಥ್ಲಾನ್ ವಿಚಾರಕ್ಕೆ ದೊಡ್ಡಮ್ಮನ ಉತ್ತರ

ಮಗಳೇ, ಭಾನುವಾರದ ಬಯಾಥ್ಲಾನ್ ಸ್ಪರ್ಧೆಯಲ್ಲಿ, ಅಂದರೆ ಸ್ಕೀ ಓಟದ ನಡುನಡುವೆ ಗುರಿಗೆ ಗುಂಡು ಹೊಡೆಯುವ ಆಟದಲ್ಲಿ, ಪುಟ್ಟಿ ನಿಂತು ಹೊಡೆದ ಐದು ಗುಂಡುಗಳಲ್ಲಿ ನಾಲ್ಕು ಗುರಿ ತಪ್ಪಿದವು, ಮನೆಗೆ ಬಂದು ಅತ್ತಳು, ತರಬೇತುದಾರರು ಮಾತ್ರ ಇವಳ ಕಾಲಿನಲ್ಲಿ ಜರ್ಮನಿಯ ಬಯಾಥ್ಲಾನ್ ಚಾಂಪಿಯನ್ ಆಗಿದ್ದ ಮಾಗ್ಡಲೇನಾ ನಾಯ್ನರಳ ವೇಗವಿದೆ, ಗುರಿ ತಪ್ಪಿದರೆ ಚಿಂತೆಯಿಲ್ಲ, ಕ್ರೀಡಾ ವಸತಿಶಾಲೆಗೆ ಸೇರಿಸಿ ಎಂದರು, ಏನು ಮಾಡಲಿ ದೊಡ್ಡಮ್ಮ ಎಂದು ನೀನು ರಾತ್ರಿ ಗುಂಪಿನಲ್ಲಿ ಬರೆದದ್ದನ್ನು ನೋಡಿದೆ. ಫೋನಿನಲ್ಲಿ ಅಕ್ಷರ ಒತ್ತುತ್ತಾ ಕೂರುವುದು ನನ್ನಿಂದ ಆಗದು, ಅದಕ್ಕೇ ಹೇಳಿಯೇ ಕಳಿಸುತ್ತಿದ್ದೇನೆ. ಅಳಿಯಂದಿರಿಗೂ ಪೂರ್ತಿ ಕೇಳಿಸು.

ನಮ್ಮ ಚಿಕ್ಕವನು ಇಲ್ಲಿ ಜರ್ಮನಿಯ ಸ್ಕೀ ಕ್ಲಬ್ಬಿಗೆ ಸೇರಿದ್ದು ಯಾವ ಕಾಲದಲ್ಲಿ ಎಂಬುದು ನಿಮಗೆಲ್ಲ ನೆನಪಿದೆ. ಬವೇರಿಯಾದ ವಾಲ್‌ಗೌ ಹಳ್ಳಿಯ ಹುಡುಗಿ ನಾಯ್ನರ್ 2007ರ ಫೆಬ್ರವರಿಯಲ್ಲಿ, ತನಗೆ ಇಪ್ಪತ್ತು ತುಂಬಿದ ತಿಂಗಳಲ್ಲೇ, ಇಟಲಿಯ ಆಂಟ್‌ಹೋಲ್ಟ್ಸ್‌ನಲ್ಲಿ ಮೂರು ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಗೆದ್ದು ಬಂದಿದ್ದಳು. ಈ ಕಡೆಯ ಮಕ್ಕಳಿಗೆಲ್ಲ ಆಕೆಯ ಹುಚ್ಚು ಹಿಡಿದಿತ್ತು, ತರಬೇತುದಾರರಿಗೆ ಮಕ್ಕಳಿಗಿಂತ ಹೆಚ್ಚಾಗಿ ಹಿಡಿದಿತ್ತು. ನಾಯ್ನರ್ ಗುಂಡು ತಪ್ಪಿದ್ದಕ್ಕೆ ದಂಡದ ಸುತ್ತು ಹಾಕಿಯೂ ಗೆಲ್ಲುತ್ತಾಳೆ, ನೀನೂ ಹಾಗೆಯೇ ಓಡು ಎಂದು ಅವರು ಪ್ರತಿ ಅಭ್ಯಾಸದಲ್ಲೂ ಇವನ ತಲೆಗೆ ತುಂಬುತ್ತಿದ್ದರು.

ಚಿಕ್ಕವನ ಒಂದು ಸ್ಪರ್ಧೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಲಗಿ ಹೊಡೆದ ಸರದಿಯಲ್ಲಿ ಗುರಿಯ ಐದೂ ಕಪ್ಪು ಬಿಲ್ಲೆಗಳು ಬಿದ್ದಿದ್ದವು. ಎರಡನೆಯ ಸರದಿಗೆ ಬರುವಾಗ ತರಬೇತುದಾರರು ಬೇಲಿಯಾಚೆಯಿಂದ ಬೇಗ, ಬೇಗ ಎಂದು ಕೂಗಿದರು. ಗುರಿಯ ಜಾಗ ಹತ್ತಿರವಾಗುತ್ತಿದ್ದಂತೆ ನಿಧಾನಿಸಿ ಉಸಿರನ್ನು ಹತೋಟಿಗೆ ತಂದುಕೊಳ್ಳಬೇಕಾಗಿದ್ದ ಹುಡುಗ ಪೂರ್ತಿ ರಭಸದಲ್ಲಿ ನುಗ್ಗಿ ಬಂದು ನಿಂತ. ನಿಂತು ಹೊಡೆಯುವಾಗ ತೋಳಿಗೆ ಪಟ್ಟಿಯ ಆಸರೆ ಇಲ್ಲ, ಮೊಣಕೈಗೆ ನೆಲದ ಆಸರೆಯೂ ಇಲ್ಲ. ಎಡಮೊಣಕೈಯನ್ನು ಸೊಂಟಕ್ಕೆ ಊರಿ ಬಂದೂಕಿನ ಭಾರವನ್ನು ಮೈಯ ಮೇಲೆಯೇ ಹೊರಬೇಕು. ಅವನ ಮೊಣಕಾಲು ನಡುಗುವುದು ನನಗೆ ಬೇಲಿಯ ಬಳಿಗೇ ಕಾಣುತ್ತಿತ್ತು, ನಳಿಗೆಯ ತುದಿ ಎದೆಬಡಿತದ ಜೊತೆಗೆ ಏರಿಳಿಯುತ್ತಿತ್ತು. ಒಂದೂ ಬಿಲ್ಲೆ ಬೀಳಲಿಲ್ಲ. ಐದು ದಂಡದ ಸುತ್ತು ಹಾಕಿ ಎಲ್ಲರಿಗಿಂತ ಕೊನೆಗೆ ಬಂದ. ಆಮೇಲೆ ನಿಂತು ಹೊಡೆಯುವ ಸರದಿ ಬಂದಾಗಲೆಲ್ಲ ಬೆರಳು ಟ್ರಿಗರಿನ ಮೇಲೆ ಮರಗಟ್ಟಿದಂತಾಗಿ, ಮರುವರ್ಷ ಬಿಟ್ಟೇಬಿಟ್ಟ. ಆದ್ದರಿಂದ ಹೇಳುತ್ತೇನೆ, ತಪ್ಪಿದ ಗುಂಡಿನ ಸಾಲವನ್ನು ಕಾಲಿನಿಂದ ತೀರಿಸಬಹುದು ಎಂಬ ಮಾತನ್ನು ಪುಟ್ಟಿಗೆ ಯಾರೂ ಹೇಳಿಕೊಡದಂತೆ ನೋಡಿಕೋ.

ನಾಯ್ನರಳ ಮಟ್ಟಿಗೆ ಆ ಮಾತು ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಒಂದು ಗುಂಡು ತಪ್ಪಿದರೆ 150 ಮೀಟರಿನ ಒಂದು ಸುತ್ತು ಹೆಚ್ಚು ಓಡಬೇಕು, ಆಕೆ ಅದನ್ನು ಓಡಿ ಮುಗಿಸಿ ಮುಂದಿದ್ದವರನ್ನೂ ಹಿಡಿಯುತ್ತಿದ್ದಳು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಚಿಕ್ಕ ದೂರದ ಸ್ಪ್ರಿಂಟ್‌ನಲ್ಲಿ ಸ್ಲೊವಾಕಿಯಾದ ಕುಜ್ಮಿನಾಗಿಂತ 1.5 ಸೆಕೆಂಡು ಹಿಂದುಳಿದು ಬೆಳ್ಳಿ ಪಡೆದವಳು, ಆಮೇಲೆ ಮುಂದೆ ಹೊರಟವರನ್ನು ಬೆನ್ನಟ್ಟುವ ಪರ್ಸ್ಯೂಟ್‌ನಲ್ಲೂ ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್‌ನಲ್ಲೂ ಗುಂಡು ತಪ್ಪಿಸಿಕೊಂಡೇ ಚಿನ್ನ ಗೆದ್ದಳು. (ಎರಡು ಚಿನ್ನ ಬಂದ ಮೇಲೆ ರಿಲೇಯಲ್ಲಿ ತನ್ನ ಜಾಗವನ್ನು ಜೊತೆಯವಳಿಗೆ ಬಿಟ್ಟುಕೊಟ್ಟಳು, ಆಕೆ ಮಾಡಿದ್ದರಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಅದು.) ಆದರೆ 15 ಕಿಲೋಮೀಟರಿನ ವೈಯಕ್ತಿಕ ಸ್ಪರ್ಧೆಯನ್ನು ನೋಡು. ಅಲ್ಲಿ ಸುತ್ತಿನ ಲೆಕ್ಕವಿಲ್ಲ, ತಪ್ಪಿದ ಒಂದೊಂದು ಗುಂಡಿಗೂ ಇಡೀ ಒಂದು ನಿಮಿಷ ಸೇರಿಸುತ್ತಾರೆ. ಆಕೆಯ ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳು ಒಟ್ಟು 12, ಅವುಗಳಲ್ಲಿ ಒಂದೂ ಆ ಸ್ಪರ್ಧೆಯಲ್ಲಿ ಬಂದದ್ದಲ್ಲ. ಅಂಥ ಕಾಲುಗಳಿಗೇ ತೀರದ ಸಾಲವನ್ನು ಹದಿನಾಲ್ಕರ ಹುಡುಗಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಇನ್ನು ನಮ್ಮವರ ಮಾತಿಗೆ ಬರುತ್ತೇನೆ, ಮೈಸೂರಿನ ಅಣ್ಣಯ್ಯ ಕೇಳಿಸಿಕೊಳ್ಳುತ್ತಿದ್ದರೆ ಕೇಳಿಸಿಕೊಳ್ಳಲಿ. ಚಿಕ್ಕವನು ಕಂಚಿನ ಪದಕ ಗೆದ್ದಾಗ ಫೋಟೋ ಕಳಿಸಿದರೆ, ಗಣಿತದಲ್ಲಿ ಎಷ್ಟು ಬಂತು ಎಂದು ಕೇಳಿದವರು ನೀವು. ಅವನು ಬಿಟ್ಟ ಸುದ್ದಿ ತಿಳಿದಾಗ, ಸದ್ಯ ದೇವರು ಒಳ್ಳೆಯ ಬುದ್ಧಿ ಕೊಟ್ಟ ಎಂದು ಫೋನ್ ಮಾಡಿದಿರಿ. ಮಗು ಊಟ ಬಿಟ್ಟು ಕೂತಿದ್ದಾನೆಯೇ ಎಂದು ಒಬ್ಬರೂ ವಿಚಾರಿಸಲಿಲ್ಲ. 2012ರ ಮಾರ್ಚಿನಲ್ಲಿ ನಾಯ್ನರ್ ಇಪ್ಪತ್ತೈದನೆಯ ವಯಸ್ಸಿಗೇ ನಿವೃತ್ತಳಾದಾಗ, ನೋಡಿದೆಯಾ, ಚಾಂಪಿಯನ್ನೇ ಬಿಟ್ಟಳು, ಅದರಲ್ಲಿ ಏನೂ ಇಲ್ಲ ಎಂದಿರಿ. ಏನೂ ಇಲ್ಲವೆಂದು ಬಿಟ್ಟವಳಲ್ಲ ಆಕೆ. ಆ ಋತುವಿನ ಒಟ್ಟಾರೆ ವಿಶ್ವಕಪ್ಪನ್ನು ಮೂರನೆಯ ಸಲ ಗೆದ್ದು, ಬಿಡುತ್ತೇನೆಂದು ತಿಂಗಳುಗಳ ಮುಂಚೆಯೇ ಹೇಳಿ, ಹೇಳಿದ ಹಾಗೆ ಹೊರಟವಳು. ಈಗ ಇವಳ ಪ್ರಶ್ನೆಯ ಕೆಳಗೂ ಹೆಣ್ಣುಮಗುವಿನ ಕೈಗೆ ಬಂದೂಕು ಏಕೆ ಎಂದು ಬರೆದಿದ್ದೀರಿ. ಅವಳು ಕಾಡಿಗೆ ಬೇಟೆಗೆ ಹೊರಟಿಲ್ಲ, ಅಣ್ಣಯ್ಯ.

ಮಗಳೇ, ಮತ್ತೊಮ್ಮೆ ಹೇಳುತ್ತೇನೆ, ಗುಂಡು ತಪ್ಪಿದರೂ ಕಾಲು ಕಾಪಾಡುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ತಡೆದುಬಿಡು, ಆ ತರಬೇತುದಾರರಾದರೂ ಸರಿ.

ಅಯ್ಯೋ, ನೀನು ಕೇಳಿದ್ದಕ್ಕೆ ಇನ್ನೂ ಉತ್ತರವನ್ನೇ ಹೇಳಲಿಲ್ಲ. ವಸತಿಶಾಲೆಗೆ ಈ ವರ್ಷ ಬೇಡ. ನಾಯ್ನರ್ ಶಾಲೆ ಮುಗಿಸಿ 2003ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಕಸ್ಟಮ್ಸ್ ಇಲಾಖೆಯ ಸ್ಕೀ ತಂಡಕ್ಕೆ ಸೇರಿದಳು. ಜರ್ಮನಿಯಲ್ಲಿ ಬಯಾಥ್ಲಾನ್ ಆಡುವವರಿಗೆ ಕಸ್ಟಮ್ಸ್, ಸೇನೆ, ಪೊಲೀಸು ಇವುಗಳಲ್ಲಿ ಸಂಬಳದ ಹುದ್ದೆ ಸಿಗುತ್ತದೆ, ಆದರೆ ಆ ಜಾಗಗಳು ಕೆಲವೇ. ಪುಟ್ಟಿ ಇಲ್ಲಿಯೇ ಓದುತ್ತಾ ಇನ್ನೆರಡು ಚಳಿಗಾಲ ಕ್ಲಬ್ಬಿನಲ್ಲಿ ಆಡಲಿ. ವಸತಿಶಾಲೆಯವರನ್ನು ಭೇಟಿಯಾದಾಗ ಸ್ಕೀ ಕಲಿಸುವವರು ಯಾರೆಂದು ಕೇಳಬೇಡ, ಗುರಿ ಕಲಿಸುವವರು ಯಾರು, ವಾರಕ್ಕೆ ಎಷ್ಟು ಸಲ ಎಂದು ಕೇಳು. ಗಾಳಿಯ ಒತ್ತಡದ ಏರ್ ರೈಫಲ್ ಬಿಟ್ಟು, 50 ಮೀಟರ್ ದೂರದ ಗುರಿಗೆ ಹೊಡೆಯುವ ಸಣ್ಣ ಕ್ಯಾಲಿಬರ್ ಬಂದೂಕು ಹಿಡಿಯುವುದಕ್ಕೆ ಅವಳಿಗೆ ಈಗ ತಕ್ಕ ವಯಸ್ಸಾಗಿದೆ, ಆದರೆ ನೀವು ಪಕ್ಕದಲ್ಲಿ ಇಲ್ಲದಿದ್ದರೆ ನಿಮ್ಮ ಲಿಖಿತ ಒಪ್ಪಿಗೆ ಇರಲೇಬೇಕು. ಆ ಕಾಗದ ಸಹಿಯಿಲ್ಲದೆ ಮೇಜಿನ ಮೇಲೆಯೇ ಬಿದ್ದಿದೆ ಎಂದು ಅಳಿಯಂದಿರು ಹೇಳಿದರು. ಇಬ್ಬರೂ ಸಹಿ ಹಾಕಿ ಶುಕ್ರವಾರದೊಳಗೆ ಕ್ಲಬ್ಬಿಗೆ ಮುಟ್ಟಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.